ತೆರಿಗೆ ಬೀಸಿದರೆ ತಿರುಗುವ ಫ್ಯಾನು

ನಮ್ಮ ಸರ್ಕಾರಗಳಿಗೆ ಭೂಮಿ ಬಿಸಿಯಾಗುತ್ತಿರುವ ಚಿಂತೆ ಬಹಳ. ಬೊಕ್ಕಸ ತಣ್ಣಗಾಯಿತೋ, ಚಿಂತೆಯೂ ತಣ್ಣಗಾಯಿತು.

ನಂಬದವರು ಗದಗದಿಂದ ಮುಂಡರಗಿ ದಾರಿ ಹಿಡಿಯಲಿ. ಕಪ್ಪತಗುಡ್ಡದ ಸೀಮೆಯಲ್ಲಿ ಸಾಲಾಗಿ ನಿಂತ ಗಾಳಿ ಫ್ಯಾನುಗಳು ಕಾಣುತ್ತವೆ. ಪರಿಸರ ಪ್ರೇಮ ನಿಲ್ಲಿಸಿದ್ದು ಎನ್ನುತ್ತದೆ ಭಾಷಣ. ಇಂಥವನ್ನು ದೇಶದ ತುಂಬ ನಿಲ್ಲಿಸಿದ್ದು ಆಡಿಟರುಗಳು. ಫ್ಯಾನು ಕೊಂಡ ಧಣಿ ಅದರ ಬೆಲೆಯ ಶೇ 80ರಷ್ಟನ್ನು ಮೊದಲ ವರ್ಷವೇ ಸವಕಳಿ ಎಂದು ತೋರಿಸಿ ಆದಾಯ ತೆರಿಗೆ ಉಳಿಸಬಹುದಿತ್ತು. ಫ್ಯಾನು ಎಷ್ಟು ತಿರುಗಿತು ಎಂದು ಯಾರೂ ಕೇಳುತ್ತಿರಲಿಲ್ಲ. ಬಣ್ಣ ಆರುವ ಮೊದಲೇ ಮುಕ್ಕಾಲು ಸವೆದ ಯಂತ್ರ! ಶಿರಹಟ್ಟಿ ಫಕೀರಸ್ವಾಮಿ ಕ್ಷಮಿಸಲಿ, ಇದೂ ಪವಾಡವೇ.

ಆಮೇಲೆ ಬೊಕ್ಕಸ ತಣ್ಣಗಾಗತೊಡಗಿತು. ಕೊರತೆ ಹಿಗ್ಗಿತು, ರೂಪಾಯಿ ಜಾರಿತು. 2012ರ ಏಪ್ರಿಲ್‌ನಲ್ಲಿ ದಿಲ್ಲಿ ಈ ಸವಕಳಿ ರಿಯಾಯಿತಿ ಕಿತ್ತುಕೊಂಡಿತು. ಉತ್ಪಾದಿಸಿದ ಯೂನಿಟ್ಟಿಗೆ 50 ಪೈಸೆಯ ಪ್ರೋತ್ಸಾಹಧನವೂ ನಿಂತಿತು. ಹಿಂದಿನ ವರ್ಷ ದೇಶದಲ್ಲಿ ಸುಮಾರು 3,200 ಮೆಗಾವಾಟ್ ಪವನ ವಿದ್ಯುತ್ ಹೊಸದಾಗಿ ಸೇರಿತ್ತು. ಆ ವರ್ಷ ಸುಮಾರು 1,700. ಅಕ್ಟೋಬರ್‌ನಲ್ಲಿ ಫ್ಯಾನು ತಯಾರಿಸುವ ಸುಜ್ಲಾನ್ ಕಂಪನಿ ವಿದೇಶಿ ಸಾಲ ತೀರಿಸಲಾಗದೆ ಕೈ ಎತ್ತಿತು. ಗಾಳಿ ಮಾತ್ರ ಬೀಸುತ್ತಲೇ ಇತ್ತು. ಅದಕ್ಕೆ ಬಜೆಟ್ ಓದಲು ಬರುವುದಿಲ್ಲ.

2014ರಲ್ಲಿ ರಿಯಾಯಿತಿ ಮರಳಿತು. ಭೂಮಿಯ ಚಿಂತೆಯೂ ಮರಳಿತು.

ಕಲ್ಲಿದ್ದಲ ಕಥೆ ಇನ್ನೂ ಸೊಗಸು. ಹೊಗೆ ಉಗುಳುವವರೇ ಶುದ್ಧ ವಿದ್ಯುತ್ತಿಗೆ ದುಡ್ಡು ಕೊಡಲಿ ಎಂದು 2010ರಲ್ಲಿ ಟನ್ನಿಗೆ 50 ರೂಪಾಯಿ ಸೆಸ್ ಹಾಕಿದರು. 2016ರ ಹೊತ್ತಿಗೆ ಅದು 400ಕ್ಕೆ ಏರಿತು. 2017ರಲ್ಲಿ ಜಿಎಸ್‌ಟಿ ಬಂತು. ರಾಜ್ಯಗಳ ನಷ್ಟ ತುಂಬಿಕೊಡಬೇಕಿತ್ತು. ಹಸಿರಿನ ಹೆಸರಲ್ಲಿ ಎತ್ತುತ್ತಿದ್ದ ಹಣದ ದಾರಿ ಅತ್ತ ತಿರುಗಿತು. ಹುಂಡಿ ದೇವರದು, ಬೀಗದ ಕೈ ಬೇರೆಯವರದು.

2020ರ ಲಾಕ್‌ಡೌನ್‌ನಲ್ಲಿ ವಿದ್ಯುತ್ ಬೇಡಿಕೆ ಕುಸಿಯಿತು. ಗಾಳಿ, ಬಿಸಿಲಿನ ಕರೆಂಟನ್ನು ನಿಲ್ಲಿಸದೆ ಕೊಳ್ಳಲೇಬೇಕೆಂಬ ನಿಯಮವನ್ನು ಕೇಂದ್ರವು ರಾಜ್ಯಗಳಿಗೆ ಮತ್ತೆ ಪತ್ರ ಬರೆದು ನೆನಪಿಸಬೇಕಾಯಿತು. ಪಾಲಿಸುವವರಿಗೆ ಯಾರಾದರೂ ಪತ್ರ ಬರೆಯುತ್ತಾರೆಯೇ?

2022ರಲ್ಲಿ ನಮ್ಮ ರಾಜ್ಯ ಹೊಸ ನೀತಿ ತಂದಿತು: ಐದು ವರ್ಷದಲ್ಲಿ ಇನ್ನೂ 10 ಗಿಗಾವಾಟ್ ಹಸಿರು ವಿದ್ಯುತ್. ಮರುವರ್ಷವೇ ಬರ. ಪಂಪ್‌ಸೆಟ್ಟಿನ ಏಳು ತಾಸು ತ್ರೀ ಫೇಸ್ ಕರೆಂಟು ಐದು ತಾಸಿಗೆ ಇಳಿಯಿತು. ಫ್ಯಾನಿನ ಬುಡದ ಹೊಲದವನಿಗೂ ರಿಯಾಯಿತಿ ಇರಲಿಲ್ಲ. ರಾತ್ರಿ ಪಾಳಿ ಬಂದರೆ ಬ್ಯಾಟರಿ ಹಿಡಿದು, ಹಾವು ಚೇಳು ನೋಡಿಕೊಂಡು ಮೋಟಾರು ಚಾಲೂ ಮಾಡಬೇಕು. ತಲೆ ಮೇಲೆ ರೆಕ್ಕೆ ಗರಗರ ತಿರುಗುತ್ತಲೇ ಇರುತ್ತದೆ.

'ಇಷ್ಟು ಫ್ಯಾನ್ ಅದಾವಲ್ರೀ ಸಾಹೇಬ್ರ, ಹಗಲೀ ಕರೆಂಟ್ ಕೊಡಾಕ ಏನ್ರಿ?' ಎಂದು ಕರೆಂಟಿನ ಕಚೇರಿಯಲ್ಲಿ ಕೇಳಿ ನೋಡಿ.

'ಅದು ಗ್ರಿಡ್ಡಿಗೆ ಹೋಗತೈತಿ, ಯಜಮಾನ್ರ.'

'ಆ ಗ್ರಿಡ್ಡಿನ ಮಂದಿ ರಾತ್ರಿ ನೀರು ಹಾಯಸ್ತಾರೇನ್ರಿ?'