ಪಬ್‌ಜಿ ಗೈಡು ಬರೆಯುವ ಶಾಸ್ತ್ರ: ಮುಡಬಿ ಘರಾಣಾದ ಪರಿಚಯ

ಗೈಡು ಬರೆಯುವುದು ನಮ್ಮ ಮುಡಬಿ ಇರುವ ಬಸವಕಲ್ಯಾಣ ತಾಲೂಕಿನ ಕುಲಕಸುಬು. ಸೋಯಾಬೀನ್ ಬೆಳೆಯುವುದೆಲ್ಲ ಬಹಳ ಈಚಿನದು. ಚಾಲುಕ್ಯರ ಆರನೆಯ ವಿಕ್ರಮಾದಿತ್ಯ ಇದೇ ಕಲ್ಯಾಣದಿಂದ ಆಳುತ್ತಿದ್ದ ಕಾಲಕ್ಕೇ ವಿಜ್ಞಾನೇಶ್ವರರು ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ಎಂಬ ಗೈಡು ಬರೆದು ಮುಗಿಸಿದ್ದರು. ಅದೆಂಥ ಗೈಡೆಂದರೆ, ಮುಂದೆ ಬ್ರಿಟಿಷರ ಕೋರ್ಟುಗಳು ಬಂಗಾಳವೊಂದನ್ನು ಬಿಟ್ಟು ಹೆಚ್ಚುಕಡಿಮೆ ದೇಶದ ಎಲ್ಲ ಹಿಂದೂಗಳ ಆಸ್ತಿ ಪಾಲನ್ನು ಅದನ್ನೇ ನೋಡಿ ಮಾಡಿದವು. ಮೂಲ ಪಠ್ಯಪುಸ್ತಕವನ್ನು ಕೇಳುವವರೇ ಇಲ್ಲದಾಯಿತು. ಗೈಡು ಉತ್ತಮವೋ ಕಳಪೆಯೋ ಎಂದು ತೂಗಲು ಇವತ್ತಿಗೂ ಇದೇ ತಕ್ಕಡಿ.

ಆದರೆ ಆಟದ ಗೈಡಿನ ಮೂಲಪುರುಷ ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರ. 1130ರ ಆಸುಪಾಸಿಗೆ ಆತ ಬರೆದ 'ಮಾನಸೋಲ್ಲಾಸ'ದಲ್ಲಿ ನೂರು ಅಧ್ಯಾಯ. ಮೊದಲ ಇಪ್ಪತ್ತು ರಾಜ್ಯ ಪಡೆಯುವುದು ಹೇಗೆ, ಮುಂದಿನ ಇಪ್ಪತ್ತು ಪಡೆದ ರಾಜ್ಯ ಉಳಿಸಿಕೊಳ್ಳುವುದು ಹೇಗೆ, ಆಮೇಲಿನ ಇಪ್ಪತ್ತು ಊಟ ಉಡುಗೆಯ ಭೋಗ, ಬಳಿಕ ವಿನೋದ, ಕಟ್ಟಕಡೆಗೆ ಕ್ರೀಡೆ. ಚದುರಂಗ ಬೇಕು, ಪಗಡೆ ಬೇಕು ಎಂದು ಗ್ರಂಥ ತೆಗೆದವನು ಎಂಬತ್ತು ಅಧ್ಯಾಯ ದಾಟಿ ಬರಬೇಕು. ಓದುಗ ಕೇಳಿದ್ದನ್ನು ತಟ್ಟನೆ ಕೊಡಬಾರದೆಂಬ ನಿಯಮವನ್ನು ಕಂಡುಹಿಡಿದವನು ಸೋಮೇಶ್ವರನೇ. ಇಂದಿನ ಯೂಟ್ಯೂಬ್ ಪಂಡಿತರು "ಮೊದಲು ಚಾನೆಲ್ ಸಬ್‌ಸ್ಕ್ರೈಬ್ ಮಾಡ್ರಿ, ಬೆಲ್ ಒತ್ರಿ, ಕೊನೀತನಕ ನೋಡ್ರಿ" ಎನ್ನುವಾಗ ಚಾಲುಕ್ಯ ಪರಂಪರೆಯನ್ನೇ ಪಾಲಿಸುತ್ತಿದ್ದಾರೆ.

ಇದೇ ಸೋಮೇಶ್ವರನಿಗೆ 'ಸರ್ವಜ್ಞ' ಎಂಬ ಬಿರುದಿತ್ತು. ಬಿರುದು ಇಲ್ಲದವರು ಗೈಡು ಬರೆಯಲು ಹೋಗಬಾರದು. ರಾಜ್ಯ ಉಳಿಸಿಕೊಳ್ಳಲು ಇಪ್ಪತ್ತು ಅಧ್ಯಾಯ ಬರೆದವನ ಮಗ ಮೂರನೆಯ ತೈಲಪನ ಕೈಯಿಂದ ಕಳಚೂರಿ ಬಿಜ್ಜಳ ಕಲ್ಯಾಣವನ್ನೇ ಕಿತ್ತುಕೊಂಡನಲ್ಲ ಎಂದು ಕೆಲವರು ಕುಹಕವಾಡುತ್ತಾರೆ. ಅದು ಗೈಡಿನ ದೋಷವಲ್ಲ. ತೈಲಪ ಸರಿಯಾಗಿ ಓದಿರಲಿಕ್ಕಿಲ್ಲ. ಓದುಗ ಸೋತರೆ ಓದುಗನ ತಪ್ಪು, ಗೆದ್ದರೆ ಗೈಡಿನ ಪುಣ್ಯ. ಈ ಕರಾರನ್ನು ಮುನ್ನುಡಿಯಲ್ಲೇ ಸಣ್ಣ ಅಕ್ಷರದಲ್ಲಿ ಹಾಕಿಬಿಡಬೇಕು.

ಮುಖಪುಟದ ಚಿತ್ರಕ್ಕೂ ದೂರ ಹೋಗಬೇಕಿಲ್ಲ. ಹುಮನಾಬಾದ್ ತಾಲೂಕಿನ ಜಲಸಂಗಿ ದೇಗುಲದ ಗೋಡೆಯಲ್ಲಿ ಒಬ್ಬ ಶಿಲಾಬಾಲಿಕೆ ನಿಂತು ಅಕ್ಷರ ಬರೆಯುತ್ತಿದ್ದಾಳೆ. ಬರೆಯುತ್ತಿರುವುದು ದೊರೆ ವಿಕ್ರಮಾದಿತ್ಯನ ಹೊಗಳಿಕೆ. ಪ್ರಾಯೋಜಕರ ಹೆಸರು ಮೊದಲ ಸಾಲಿನಲ್ಲೇ ಬರಬೇಕೆಂದು ಆಕೆಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಇನ್ನು ಪಠ್ಯದ ವಿಷಯ. ಪಬ್‌ಜಿಯನ್ನು ರೂಪಿಸಿದವರು ಐರ್ಲೆಂಡಿನ ಬ್ರೆಂಡನ್ ಗ್ರೀನ್. ಕಟ್ಟಿದ್ದು ಕೊರಿಯಾದ ಕಂಪನಿ. 2017ರಲ್ಲಿ ಕಂಪ್ಯೂಟರಿಗೆ, 2018ರಲ್ಲಿ ಮೊಬೈಲಿಗೆ, ಅಲ್ಲಿಂದ ಮುಡಬಿಗೆ. ನೂರು ಮಂದಿ ವಿಮಾನದಿಂದ ಒಂದು ದ್ವೀಪಕ್ಕೆ ಹಾರುತ್ತಾರೆ. ಬೇರೆಯವರ ಮನೆಗಳಿಗೆ ನುಗ್ಗಿ ಬಂದೂಕು, ಹೆಲ್ಮೆಟ್, ಬ್ಯಾಂಡೇಜು ಲೂಟ್ ಮಾಡುತ್ತಾರೆ. ಒಬ್ಬರನ್ನೊಬ್ಬರು ಮುಗಿಸುತ್ತ ಹೋಗಿ ಕೊನೆಗೆ ಉಳಿದವನು ಗೆದ್ದ. ಅವನಿಗೆ ಪರದೆಯ ಮೇಲೆ ಕೋಳಿ ಊಟದ ಘೋಷಣೆಯಾಗುತ್ತದೆ. ಶ್ರಾವಣ ಸೋಮವಾರ ಇಂಥ ಸಂದರ್ಭ ಒದಗಿದರೆ ಎರಡನೆಯ ಸ್ಥಾನಕ್ಕೆ ನಿಂತುಬಿಡುವುದು ಲೇಸು ಎಂದು ನಮ್ಮ ಗೈಡು ಸೂಚಿಸುತ್ತದೆ.

ಗಮನಿಸಿ: ಒಂಟಿಯಾಗಿ ಆಡಿದರೆ ನೂರು ಮಂದಿಯಲ್ಲಿ ಒಬ್ಬನೇ ತೇರ್ಗಡೆ. ಎಸ್ಸೆಸ್ಸೆಲ್ಸಿಯಲ್ಲಿ ಇಂಥ ಫಲಿತಾಂಶ ಬಂದರೆ ಜಿಲ್ಲೆಯ ಉಪನಿರ್ದೇಶಕರಿಗೆ ಮರುದಿನವೇ ನೋಟಿಸು. ಆಟದಲ್ಲಿ ಇದಕ್ಕೆ ಯಾರೂ ಹೊಣೆಯಾಗಿಲ್ಲ, ಪೂರಕ ಪರೀಕ್ಷೆಯೂ ಇಲ್ಲ. ಆದ್ದರಿಂದ ಮುಡಬಿ ಘರಾಣಾ ಗೆಲುವಿನ ಗೈಡು ಬರೆಯುವುದಿಲ್ಲ, ಪಾಸಿಂಗ್ ಪ್ಯಾಕೇಜ್ ಬರೆಯುತ್ತದೆ. ಮೂವತ್ತೈದರೊಳಗಿನ ಸ್ಥಾನ ಬಂದರೆ ಪಾಸು. ಇದಕ್ಕೆ ಬಂದೂಕೇ ಬೇಡ. ಜನ ಇಳಿಯದ ಕಡೆ ಇಳಿಯುವುದು, ಒಂದು ಮನೆಯ ಬಚ್ಚಲು ಸೇರುವುದು, ಬಾಗಿಲು ಹಾಕಿಕೊಂಡು ಉಳಿದವರು ತಮ್ಮತಮ್ಮಲ್ಲೇ ಬಗೆಹರಿಸಿಕೊಳ್ಳಲಿ ಎಂದು ಕೂರುವುದು. ಹುಡುಗರು ಇದನ್ನು ಕ್ಯಾಂಪಿಂಗ್ ಎಂದು ಹೀಗಳೆಯುತ್ತಾರೆ. ಸರಕಾರಿ ನೌಕರಿಯಲ್ಲಿ ಇದಕ್ಕೆ ಬಡ್ತಿ ಸಿಗುತ್ತದೆ.

ಪುಸ್ತಕದ ಸ್ವರೂಪವನ್ನೂ ಪರೀಕ್ಷಾ ಗೈಡಿನಂತೆಯೇ ಇಡಬೇಕು, ಓದುಗರಿಗೆ ಅಭ್ಯಾಸವಾದದ್ದು ಅದೇ. ಒಂದು ಅಂಕದ ಪ್ರಶ್ನೆ: ಆಟದ ಎರಂಗಲ್ ದ್ವೀಪದ ನಕ್ಷೆಯ ಅಳತೆ ಎಷ್ಟು? ಉತ್ತರ: ಉದ್ದ 8 ಕಿ.ಮೀ., ಅಗಲ 8 ಕಿ.ಮೀ. ಎರಡು ಅಂಕಕ್ಕೆ, ಕಾರಣ ಕೊಡಿ: ಅಡುಗೆಯ ಬಾಣಲೆಯನ್ನು ಬೆನ್ನ ಹಿಂದೆ ಇಟ್ಟುಕೊಳ್ಳಬೇಕು. ಉತ್ತರ: ಹಿಂದಿನಿಂದ ಬಂದ ಗುಂಡು ಅದಕ್ಕೆ ಬಡಿದು ನಿಲ್ಲುತ್ತದೆ. (ಇದು ಖರೆ. ಇಡೀ ಆಟದಲ್ಲಿ ಎಷ್ಟು ಗುಂಡು ಬಡಿದರೂ ಒಡೆಯದ, ಹರಿಯದ ಕವಚ ಅದೊಂದೇ; ನಮ್ಮ ತಾಯಂದಿರು ಮೊದಲಿನಿಂದಲೂ ಬಲ್ಲರು.) ನಾಲ್ಕು ಅಂಕಕ್ಕೆ ಪೊಚಿಂಕಿ ಎಂಬ ಊರಿನ ಬಗ್ಗೆ ಟಿಪ್ಪಣಿ. ಆ ಊರಲ್ಲಿ ಇಳಿದವರು ಟಿಪ್ಪಣಿ ಬರೆಯುವಷ್ಟು ಹೊತ್ತು ಬದುಕುವುದು ಕಡಿಮೆ, ಹಾಗಾಗಿ ಬಾಯಿಪಾಠ ಮಾಡಿಕೊಂಡು ಹೋಗಬೇಕು.

ಕುಗ್ಗುವ ಝೋನ್ ಬಗ್ಗೆ ಇತರ ಲೇಖಕರು ಪುಟಗಟ್ಟಲೆ ಬರೆಯುತ್ತಾರೆ: ನೀಲಿ ಗೋಡೆ ಸುತ್ತಲಿಂದ ಒತ್ತಿಕೊಂಡು ಬರುತ್ತದೆ, ಹೊರಗುಳಿದವನ ಜೀವ ಇಳಿಯುತ್ತದೆ, ಇತ್ಯಾದಿ. ನಮ್ಮ ಹೋಬಳಿಯ ಓದುಗರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ, ವಿಜ್ಞಾನೇಶ್ವರರು ವಿವರಿಸಿ ಆಗಿದೆ. ಅಜ್ಜನ ಹನ್ನೆರಡು ಎಕರೆ ಮೂವರು ಮಕ್ಕಳಿಗೆ ನಾಲ್ಕು ನಾಲ್ಕು, ಮೊಮ್ಮಕ್ಕಳಿಗೆ ಎರಡೆರಡು. ಹಿಂದೂ ಆಸ್ತಿ ಕಾನೂನಿನ 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳೂ ಹುಟ್ಟಿನಿಂದಲೇ ಸ್ಕ್ವಾಡಿನಲ್ಲಿದ್ದಾರೆ. ಕೊನೆಯ ಝೋನ್ ಸಾಮಾನ್ಯವಾಗಿ ಬದುವಿನ ಮೇಲೆ ಬೀಳುತ್ತದೆ. ಅಲ್ಲಿ ಹೇಗೆ ನಿಲ್ಲಬೇಕು, ಎದುರಿನವನು ಸ್ವಂತ ಕಾಕನಾದರೂ ಹೇಗೆ ಜಗ್ಗಬಾರದು ಎಂಬ ತರಬೇತಿ ಮನೆಮನೆಯಲ್ಲೂ ಉಚಿತ.

ಲೇಖಕ ಆಟ ಆಡಿರಬೇಕೇ ಎಂಬುದು ಪದೇಪದೇ ಬರುವ ಪ್ರಶ್ನೆ. ನಮ್ಮ ಗಲ್ಲಿಯ ಹುಡುಗನೊಬ್ಬ ನೇರವಾಗಿ ಕೇಳಿಯೇಬಿಟ್ಟ: "ಕಾಕಾ, ನೀವು ಒಂದ್ ಸಲನೂ ಆಡಿಲ್ಲ. ಹ್ಯಾಂಗ್ ಬರೀತೀರಿ?"

"ತಮ್ಮಾ, ಮಿತಾಕ್ಷರಾ ಬರೆದವರು ಸನ್ಯಾಸಿ. ಹೆಂಡ್ರಿಲ್ಲ, ಮಕ್ಕಳಿಲ್ಲ, ಗುಂಟೆ ಹೊಲ ಇಲ್ಲ. ಅವ್ರು ಹೇಳ್ದಂಗೇ ದೇಶ ಎಲ್ಲಾ ಪಾಲ್ ಮಾಡ್ಕೊಂಡದ."

"ಅವ್ರ ಮಾತ್ ಕೇಳಿ ಪಾಲ್ ಮಾಡ್ಕೊಂಡವ್ರೇ ಈಗ ಕೋರ್ಟಿಗೆ ಅಡ್ಡಾಡ್ಲತ್ತಾರಲ್ರಿ ಕಾಕಾ."

ಹುಡುಗನ ಈ ಅಭಿಪ್ರಾಯವನ್ನು ಗೌರವದಿಂದ ದಾಖಲಿಸಿದ್ದೇವೆ, ಒಪ್ಪಿಲ್ಲ. ಆಡಿದವನಿಗೆ ಸೋತ ನೆನಪಿರುತ್ತದೆ. ಆ ನೆನಪು ಕೈ ಹಿಡಿದು ಜಗ್ಗುತ್ತದೆ. "ಇದು ಕೆಲವೊಮ್ಮೆ ಮಾತ್ರ ಫಲಿಸುತ್ತದೆ" ಎಂಬಂಥ ಅಂಜುಬುರುಕ ವಾಕ್ಯಗಳು ಹುಟ್ಟುತ್ತವೆ. ಅಮೆರಿಕದ ಪ್ರೀಮಾ ಗೇಮ್ಸ್ ಎಂಬ ಪ್ರಕಾಶನ 1990ರಿಂದ ಆಟದ ಗೈಡುಗಳನ್ನೇ ಅಚ್ಚು ಮಾಡುತ್ತ ಬಂದು 2018ರಲ್ಲಿ ಅಂಗಡಿ ಮುಚ್ಚುವುದಾಗಿ ಸಾರಿತು. ಎಲ್ಲವೂ ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗುವುದೇ ಕಾರಣವೆಂದು ತಿಳಿದವರು ಹೇಳುತ್ತಾರೆ. ಆಟ ಆಡಿ ನೋಡಿ ಬರೆಸುವ ದುಂದುವೆಚ್ಚವೇ ಕಾರಣವೆಂಬುದು ನಮ್ಮ ಘರಾಣಾದ ಅಭಿಮತ.

ಇಷ್ಟಾಗಿ, ನಿಜಕ್ಕೂ ಉಪಯೋಗಕ್ಕೆ ಬರುವುದು 'ಸ್ಥಳೀಯ ಪರಿಸ್ಥಿತಿ' ಎಂಬ ಅಧ್ಯಾಯವೊಂದೇ. ಬೆಂಗಳೂರಿನ ಗೈಡುಗಳು ಅದನ್ನು ಬರೆಯುವುದಿಲ್ಲ. ಅವು ಎಲ್ಲಿ ಹಾರಬೇಕೆಂದು ಹೇಳುತ್ತವೆ. ಎಲ್ಲಿ ಕೂರಬೇಕೆಂದು ಹೇಳುವುದಿಲ್ಲ. ಮುಡಬಿಯಲ್ಲಿ ಮಾಳಿಗಿ ಮೇಲೆ, ಟವರಿನ ಕಡೆ ಮುಖ ಮಾಡಿ ಕೂರಬೇಕು. ಬೇಸಿಗೆಯ ಬಿಸಿಲಿಗೆ ಆಡುವವನಿಗಿಂತ ಮೊದಲು ಫೋನು ಕಾಯುತ್ತದೆ, ಹಾಗಾಗಿ ಸಂಜೆ. ಸಂಜೆ ಊರಿನವರೆಲ್ಲ ವಿಡಿಯೋ ನೋಡುವುದರಿಂದ ಪಿಂಗ್ 999ಕ್ಕೆ ಏರುತ್ತದೆ, ಹಾಗಾಗಿ ಬೆಳಗಿನ ಜಾವ. ಬೆಳಗಿನ ಜಾವ ತ್ರೀ ಫೇಸ್ ಕರೆಂಟು ಬಂದರೆ ಹೊಲಕ್ಕೆ ನೀರು ಬಿಡಲು ಹೋಗಬೇಕು. ಉಳಿದ ಸಮಯದಲ್ಲಿ ಆಡಬಹುದು.

ಲ್ಯಾಗ್ ಆದಾಗ ನಮ್ಮ ಆಟಗಾರ ಗುಂಡು ಹೊಡೆದದ್ದು ತಲುಪುವಷ್ಟರಲ್ಲಿ ಎದುರಾಳಿ ಆಟ ಮುಗಿಸಿ ಊಟ ಮಾಡಿ ಮಲಗಿರುತ್ತಾನೆ. ಇದಕ್ಕೆ ತಂತ್ರ: ಶತ್ರು ಎಲ್ಲಿದ್ದಾನೋ ಅಲ್ಲಿಗೆ ಹೊಡೆಯಬೇಡಿ, ನಾಳೆ ಎಲ್ಲಿರುತ್ತಾನೋ ಅಲ್ಲಿಗೆ ಹೊಡೆಯಿರಿ.

ಫೋನು ಅವ್ವನದು ಎಂಬುದನ್ನು ಮರೆಯಬಾರದು. ಗೃಹಲಕ್ಷ್ಮಿಯ 2000 ರೂಪಾಯಿ ಜಮಾ ಆಯಿತೇ ಎಂಬ ಮೆಸೇಜು ಅದಕ್ಕೇ ಬರುವುದು, ಪುಣೆಯಲ್ಲಿ ದುಡಿಯುವ ಮಾಮನ ಕರೆಯೂ ಅದಕ್ಕೇ ಬರುವುದು, ಅದೂ ಸರಿಯಾಗಿ ಕೊನೆಯ ಹತ್ತು ಮಂದಿ ಉಳಿದಾಗ. "ಏ, ಫೋನ್ ತಾ, ಮಾಮಂದು ಬಂದದ" ಎಂಬ ಕೂಗಿಗೆ ಮೂರನೇ ಲೆವೆಲ್ ಹೆಲ್ಮೆಟ್ಟೂ ತಡೆಯಲ್ಲ. ಅಂಥ ಹೊತ್ತಿನಲ್ಲಿ ಹುಲ್ಲಿನಲ್ಲಿ ಬೋರಲು ಮಲಗಿಸಿ ಫೋನು ಕೊಟ್ಟುಬಿಡಬೇಕು, ಆಟದೊಳಗಿನವನನ್ನು. ಮಾಮನ ಮಾತು ತೊಗರಿ ರೇಟಿಗೆ ಬಂದರೆ ಅರ್ಧ ತಾಸು ಗ್ಯಾರಂಟಿ. ಅಷ್ಟರಲ್ಲಿ ಸತ್ತರೆ ಅದು ಸ್ವಾಭಾವಿಕ ಸಾವು.

ಕಂಪನಿಯ ಶಿಸ್ತಿನ ನಿಯಮಗಳನ್ನು ನಮ್ಮ ಹೋಬಳಿ ಅಕ್ಷರಶಃ ಪಾಲಿಸುತ್ತದೆ. ನಿಷೇಧಗೊಂಡಿದ್ದ ಆಟ 2021ರಲ್ಲಿ ಮರಳಿ ಬಂದಾಗ ಹದಿನೆಂಟರೊಳಗಿನವರು ದಿನಕ್ಕೆ ಮೂರು ತಾಸಿಗಿಂತ ಹೆಚ್ಚು ಆಡಬಾರದು, 7000 ರೂಪಾಯಿಗಿಂತ ಹೆಚ್ಚು ಖರ್ಚು ಮಾಡಬಾರದು ಎಂದು ನಿಯಮ ಮಾಡಿದರು. ಮೊದಲನೆಯದನ್ನು ಕರೆಂಟು ಜಾರಿ ಮಾಡುತ್ತದೆ. ಎರಡನೆಯದನ್ನು ನಮ್ಮ ಹುಡುಗರಲ್ಲಿ ಒಬ್ಬನೂ ಈವರೆಗೆ ಉಲ್ಲಂಘಿಸಿಲ್ಲ. ಇಷ್ಟು ಸಂಯಮ ಬೇರೆ ಯಾವ ತಾಲೂಕಿನಲ್ಲಿದೆ?

ನಿಷೇಧದ ಕುರಿತು ಒಂದು ಮಾತು. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರಕಾರ ಪಬ್‌ಜಿಯೂ ಸೇರಿ 118 ಆ್ಯಪ್‌ಗಳನ್ನು ತಡೆಯಿತು. 2021ರ ಜುಲೈ 2ರಂದು ಅದೇ ಆಟ 'ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ' ಎಂದು ಹೆಸರು ಬದಲಿಸಿಕೊಂಡು ಬಂತು. 2022ರ ಜುಲೈ ಕೊನೆಗೆ ಮತ್ತೆ ಮಾಯ. 2023ರ ಮೇ ತಿಂಗಳಲ್ಲಿ ಮತ್ತೆ ಹಾಜರು. ಹೀಗೆ ಬರುತ್ತ ಹೋಗುತ್ತ ಇರುವ ಆಟವನ್ನು ನಂಬಿ ಗೈಡು ಬರೆದವರೆಲ್ಲ ಕೈ ಸುಟ್ಟುಕೊಂಡರು. ಮುಡಬಿಯ ಗೈಡಿಗೆ ಮಾತ್ರ ಏನೂ ಆಗಲಿಲ್ಲ, ಅದು ಮೊದಲಿನಿಂದಲೂ ಆಟವನ್ನು ಅವಲಂಬಿಸಿರಲಿಲ್ಲ. ಮಾನಸೋಲ್ಲಾಸದ ಆಟಗಳಲ್ಲಿ ಎಷ್ಟೋ ಇಂದು ಆಡುವವರಿಲ್ಲ, ಗ್ರಂಥ ಉಳಿದಿದೆ; 1925ರಲ್ಲಿ ಬರೋಡಾದ ಗಾಯಕವಾಡ ಓರಿಯಂಟಲ್ ಸೀರೀಸ್ ಅದರ ಮೊದಲ ಸಂಪುಟ ಅಚ್ಚು ಹಾಕಿತು. ಕಲ್ಯಾಣದಲ್ಲಿ ಬರೆದ ಪುಸ್ತಕದ ರಾಯಲ್ಟಿ ತಾಲೂಕಿಗೆ ಬಾರದಿರುವ ಬಗ್ಗೆ ಮುಂದಿನ ಜನಸ್ಪಂದನ ಸಭೆಯಲ್ಲಿ ಅರ್ಜಿ ಕೊಡಬೇಕೆಂದಿದ್ದೇವೆ.

ಘರಾಣಾಕ್ಕೆ ಹೊಸ ಲೇಖಕರು ಬೇಕಾಗಿದ್ದಾರೆ. ಕನ್ನಡ, ಮರಾಠಿ, ದಖನಿ ಮೂರರಲ್ಲೂ "ಇಟ್ಸ್ ವೆರಿ ಸಿಂಪಲ್" ಎನ್ನಲು ಬರಬೇಕು. ಪಾಸಿಂಗ್ ಪ್ಯಾಕೇಜ್ ಬರೆದ ಅನುಭವವಿದ್ದರೆ ಆದ್ಯತೆ. ಹಸ್ತಪ್ರತಿಯನ್ನು ಬಸ್ ನಿಲ್ದಾಣದ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಕೊಟ್ಟು ಹೋಗಬಹುದು. ಆಟ ಆಡಿ ಗೆದ್ದವರು ದಯಮಾಡಿ ಅರ್ಜಿ ಹಾಕಬಾರದು, ಅಂಥವರಿಗೆ ಗೈಡಿನ ಪ್ರತಿ ಅರ್ಧ ಬೆಲೆಗೆ ಕೊಡಲಾಗುವುದು.