ರಾಣಿಯ ಕೆನ್ನೆ

ದುರ್ಗದಬೈಲಿನ ಪೇಟೆಯಲ್ಲಿ ಒಂದು ಕೈಯಾಗ ಮಿರ್ಚಿ, ಇನ್ನೊಂದರಾಗ ಭೂತಗನ್ನಡಿ ಹಿಡಿದು 1862ರ ಬೆಳ್ಳಿ ರೂಪಾಯಿಯ ಮೇಲೆ ವಿಕ್ಟೋರಿಯಾ ರಾಣಿಯ ಕೆನ್ನೆ ಪರೀಕ್ಷಿಸುವ ನನ್ನನ್ನು ಕಂಡರೆ ಸರಾಫರಿಗೆ ಕನಿಕರ. ಅವರ ಲೆಕ್ಕ ಸರಳ: ಒಂದು ತೊಲಿ ತೂಕ, ನೂರಕ್ಕೆ 91.7ರಷ್ಟು ಬೆಳ್ಳಿ. “ಕೆನ್ನಿ ತಗೊಂಡು ಏನ್ ಮಾಡ್ತೀರಿ ಸರ, ತೂಕ ನೋಡ್ರಿ!”

ನಾಣ್ಯ ಸಂಗ್ರಹಿಸುವ ನನಗೋ ತುಸುವೇ ಸವೆದು, ಹದವಾಗಿ ಕಪ್ಪಡರಿದ್ದೇ ಬೇಕು. ಹೊಚ್ಚ ಹೊಸದಕ್ಕೆ ನನ್ನ ಕಿಸೆ ಸಾಲದು. ಪೂರ್ತಿ ಸವೆದದ್ದರಲ್ಲಿ ರಾಣಿ ಯಾರು, ನಮ್ಮ ಓಣಿಯ ಅಜ್ಜಿ ಯಾರು, ತಿಳಿಯದು. 1877ರಿಂದ ಆಕೆ ನಾಣ್ಯದ ಮೇಲೆ ‘ಎಂಪ್ರೆಸ್’ ಆದಳು. ಮಗ ಎಡ್ವರ್ಡ್ ಕಿರೀಟವಿಲ್ಲದೆ ಬೋಳುತಲೆಯಲ್ಲೇ ಬಂದ. ಕನ್ನಡಿ ನೋಡಿಕೊಂಡಾಗೆಲ್ಲ ಅವನ ಮೇಲೆ ನನಗೆ ಪ್ರೀತಿ ಉಕ್ಕುತ್ತದೆ.

ದೀಪಾವಳಿ ಲಕ್ಷ್ಮೀಪೂಜೆಗೆಂದು ಅವ್ವ ನಾನು ಕೊಂಡು ತಂದ ಆ ರೂಪಾಯಿಗೆ ಹುಣಸೆಹಣ್ಣು ಹಚ್ಚಿ ತಿಕ್ಕಿ ತಳತಳ ಮಾಡಿದಳು. “ಎಷ್ಟ ವರ್ಷದ ಕೊಳಿ ಇತ್ತೋ ತಮ್ಮಾ! ಉಳಿದವನ್ನೂ ತಗೊಂಬಾ.”