ಪೋಲಿನ ಪರಮ ವೈರಿ

ಜಿಪುಣನನ್ನು ಕುರಿತು ನಮ್ಮವರು ಬೇಕಾದಷ್ಟು ನಕ್ಕಿದ್ದಾರೆ. ಆದರೆ ಜಿಪುಣನಲ್ಲದೆಯೂ, ಕೈಯಲ್ಲಿ ಹಣವಿದ್ದೂ, ಕೇಳಿದವರಿಗೆ ಅದನ್ನು ಕೊಡುವ ಔದಾರ್ಯವಿದ್ದೂ, ಒಂದು ಚೊಂಬು ನೀರು ಬಚ್ಚಲ ತೂಬಿನಲ್ಲಿ ವ್ಯರ್ಥವಾಗಿ ಇಳಿದುಹೋಗುವುದನ್ನು ಕಂಡರೆ ಮಾತ್ರ ಸ್ವಂತ ಬಂಧುವನ್ನು ಕಳೆದುಕೊಂಡವರಂತೆ ಮುಖ ಬಾಡಿಸಿಕೊಳ್ಳುವ ಮಹನೀಯರ ವಿಷಯದಲ್ಲಿ ಯಾರೂ ಲೇಖನಿಯೆತ್ತಿದಂತೆ ಕಾಣೆ. ಕೃಪಣನು ತನ್ನದನ್ನು ಉಳಿಸಿಕೊಳ್ಳತಕ್ಕವನು. ಆದಕಾರಣ ಅವನಿಂದ ನೆರೆಹೊರೆಗೆ ಅಂತಹ ಉಪದ್ರವವಿಲ್ಲ. ಈ ಮಹನೀಯರಾದರೋ ಉಳಿಸಹೊರಟಿರುವುದು ಸಮಸ್ತ ಭೂಮಂಡಲವನ್ನು, ಮತ್ತು ಆ ಘನಕಾರ್ಯಕ್ಕೆ ಅವರು ಆರಿಸಿಕೊಳ್ಳುವ ಕ್ಷೇತ್ರ ಸಾಮಾನ್ಯವಾಗಿ ನಮ್ಮ ಮನೆ. ಹೆಗಲಿನಲ್ಲಿ ಬಟ್ಟೆಯ ಚೀಲ, ಚೀಲದೊಳಗೆ ಮಡಿಸಿಟ್ಟ ಮತ್ತೊಂದು ಚೀಲ, ಅದರೊಳಗೆ ಸ್ಟೀಲಿನ ಲೋಟ, ಒಂದು ಚಮಚ, ಹೋಟೆಲಿನಿಂದ ಏನಾದರೂ ಕಟ್ಟಿಸಿಕೊಂಡು ಬರಬೇಕಾದೀತೆಂದು ಮುಚ್ಚಳವುಳ್ಳ ಒಂದು ಡಬ್ಬಿ: ಇಷ್ಟು ಪರಿಕರಗಳೊಡನೆ ಒಬ್ಬ ನಿವೃತ್ತ ಗೃಹಸ್ಥರು ನಿಮ್ಮ ಗೇಟನ್ನು ತೆಗೆದರೆಂದರೆ, ನಿಮ್ಮ ಮನೆಯಲ್ಲಿ ಸ್ವರಾಜ್ಯವು ಕೊನೆಗೊಂಡಿತೆಂದು ತಿಳಿಯಬಹುದು.

ನಮ್ಮ ಪಾಲಿಗೆ ಬಂದಿರುವ ಮೂರ್ತಿ ನನ್ನ ಅಕ್ಕನ ಯಜಮಾನರು. ಲೆಕ್ಕಪತ್ರದ ಇಲಾಖೆಯಲ್ಲಿ ಆಯುಷ್ಯವನ್ನು ಸವೆಸಿ ಮೈಸೂರಿನಲ್ಲಿ ನೆಲೆಸಿರುವ ಭಾವನವರು, ಕಣ್ಣು ತೋರಿಸುವ ನೆಪದಿಂದ ಆಗಾಗ ಬೆಂಗಳೂರಿಗೆ ದಯಮಾಡಿಸುವರು; ಕಣ್ಣು ಮಾತ್ರ, ನನಗೆ ತಿಳಿದಮಟ್ಟಿಗೆ, ಹದ್ದಿನ ಕಣ್ಣು. ಬಂದವರು ಕಾಫಿಗೆ ಮುನ್ನ ಮನೆಯ ನಲ್ಲಿಗಳನ್ನೆಲ್ಲ ವಿಚಾರಿಸಿಕೊಂಡು ಬರುತ್ತಾರೆ. ಎಲ್ಲಾದರೂ ತೊಟ್ಟಿಕ್ಕುತ್ತಿದ್ದರೆ ಅದರ ಕೆಳಗೆ ಲೋಟವಿಟ್ಟು ಗಡಿಯಾರ ಹಿಡಿದು ನಿಲ್ಲುವರು. ಸೆಕೆಂಡಿಗೊಂದು ಹನಿಯೆಂದರೆ ದಿನಕ್ಕೆ 15 ಲೀಟರಿಗೆ ಕಡಮೆಯಿಲ್ಲವೆಂಬ ತೀರ್ಪು, ಇನ್ನೂ ಹಲ್ಲುಜ್ಜದ ನನ್ನ ಮುಂದೆ ಪ್ರಕಟವಾಗುತ್ತದೆ. "ಈ ನೀರು ಎಲ್ಲಿಂದ ಬಂತು ಗೊತ್ತೇನಯ್ಯಾ? ತೊರೆಕಾಡನಹಳ್ಳಿಯಿಂದ. ಸುಮಾರು 100 ಕಿಲೋಮೀಟರ್ ದೂರ. ಮೇಲಕ್ಕೆ ಎತ್ತಿರುವುದು ಹತ್ತಿರ ಹತ್ತಿರ 500 ಮೀಟರ್. 1974ರಿಂದ ನಿನ್ನ ಮುಖ ತೊಳೆಯುವುದಕ್ಕೆ ಕಾವೇರಿ ಬೆಟ್ಟ ಹತ್ತುತ್ತಾ ಇದ್ದಾಳೆ!" ಎಂದು ಅವರು ಹೇಳುವಾಗ, ನದಿಯೊಂದನ್ನು ಇಷ್ಟು ದಣಿಸಿದ ನನ್ನ ಮುಖವನ್ನು ಕನ್ನಡಿಯಲ್ಲಿ ನೋಡಿಕೊಳ್ಳಲು ಸಂಕೋಚವಾಗುತ್ತದೆ. ಆ ಮುಖವು ಅಷ್ಟೊಂದು ಖರ್ಚಿಗೆ ಯೋಗ್ಯವಲ್ಲವೆಂಬುದರಲ್ಲಿ ನಮ್ಮಿಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ. ತಾರಸಿಗೆ ಹತ್ತಿ, ನಮ್ಮ 30×40ರ ನಿವೇಶನದ ಮೇಲೆ ವರ್ಷಕ್ಕೆ ಸುಮಾರು ಒಂದು ಲಕ್ಷ ಲೀಟರು ಮಳೆ ಬೀಳುತ್ತದೆಂದೂ, ಅದನ್ನು ಹಿಡಿದಿಡದೆ ಮೋರಿಗೆ ಬಿಡುವವನು ಟ್ಯಾಂಕರಿನವನ ಮುಂದೆ ಕೈ ಜೋಡಿಸಿ ನಿಲ್ಲುವುದು ನ್ಯಾಯವೇ ಎಂದೂ ಅವರು ಲೆಕ್ಕ ಒಪ್ಪಿಸಿದ್ದುಂಟು. ಲೆಕ್ಕ ಸರಿಯಾಗಿಯೇ ಇರುತ್ತದೆ. ನಮ್ಮ ದುಃಖದ ಮೂಲವೇ ಅದು.

ದೀಪವಾರಿಸುವ ಸಾಮಾನ್ಯ ಮಿತವ್ಯಯಿಗಳನ್ನು ಕಂಡರೆ ಭಾವನವರಿಗೆ ತಾತ್ಸಾರ. 9 ವಾಟಿನ ಎಲ್‌ಇಡಿ ದೀಪವನ್ನು ಆರಿಸಿದೆನೆಂದು ಬೀಗುತ್ತ, ಹಿಂದಿನಿಂದ 2000 ವಾಟಿನ ಗೀಸರನ್ನು ಉರಿಯಗೊಡುವವನು, ಅವರ ದೃಷ್ಟಿಯಲ್ಲಿ, ಪರಿಸರಪ್ರೇಮಿಯ ವೇಷ ಹಾಕಿದ ಪಾಷಂಡಿ. ಗೀಸರು ಅರ್ಧ ಗಂಟೆ ಉರಿದರೆ ಒಂದು ಯೂನಿಟ್ಟು. ಅದೇ ಯೂನಿಟ್ಟಿನಲ್ಲಿ ಆ ದೀಪ 111 ಗಂಟೆ ಉರಿಯುತ್ತದೆ. ಈ ಸತ್ಯವನ್ನು ತಿಳಿಸಲು ಅವರು ಆರಿಸಿಕೊಳ್ಳುವ ಮುಹೂರ್ತ ನಾವು ಸ್ನಾನದ ಮನೆಯಲ್ಲಿರುವ ಹೊತ್ತು, ಮಾಧ್ಯಮವು ಸ್ನಾನದ ಮನೆಯ ಬಾಗಿಲು. ತಲೆಗೆ ಸೀಗೆಪುಡಿ ಹಚ್ಚಿಕೊಂಡು ಕಣ್ಣು ಮುಚ್ಚಿ ನಿಂತಿರುವ ನಿರಾಯುಧನಿಗೆ ಹೊರಗಿನಿಂದ "ನೂರಾ ಹನ್ನೊಂದು!" ಎಂಬ ಗರ್ಜನೆ ಕೇಳಿಸಿದರೆ ಆತ್ಮಶುದ್ಧಿಯಾಗುತ್ತದೋ ಏನೋ, ಶರೀರಶುದ್ಧಿಯಂತೂ ಅರ್ಧಕ್ಕೇ ನಿಲ್ಲುತ್ತದೆ.

ಅಡಿಗೆಮನೆಯಲ್ಲಿ ಅವರ ಆಳ್ವಿಕೆ ಇನ್ನೂ ಸೂಕ್ಷ್ಮತರವಾದದ್ದು. ಬೇಳೆಯನ್ನು ಮೊದಲೇ ನೆನೆಸಿರಬೇಕು. ಕುಕ್ಕರು ಕೂಗತೊಡಗಿದೊಡನೆ ಉರಿ ತಗ್ಗಬೇಕು. ಹೀರೆಕಾಯಿಯ ಸಿಪ್ಪೆ ಚಟ್ನಿಯಾಗಬೇಕು, ಕಲ್ಲಂಗಡಿಯ ಬಿಳಿಯ ಭಾಗ ದೋಸೆಯಾಗಬೇಕು, ದಾಳಿಂಬೆಯ ಸಿಪ್ಪೆ ತಂಬುಳಿಯಾಗಬೇಕು. ಈ ಪದಾರ್ಥಗಳೆಲ್ಲ ಸ್ವಾದುವಾಗಿಯೇ ಇರುವುವೆಂಬುದನ್ನು ನಾನು ಒಪ್ಪುತ್ತೇನೆ. ಆದರೆ ಭಾವನವರು ಇರುವಷ್ಟು ದಿವಸ, ತರಕಾರಿಯನ್ನು ನಾವು ಸಿಪ್ಪೆಯ ಲೋಭದಿಂದಲೇ ಕೊಳ್ಳುತ್ತಿದ್ದೇವೆಯೋ ಎಂಬ ಸಂಶಯ ನನ್ನನ್ನು ಬಾಧಿಸುತ್ತದೆ. ಹಾಲಿನ ಪ್ಯಾಕೆಟ್ಟನ್ನು ಕತ್ತರಿಸುವುದಕ್ಕೂ ಒಂದು ಶಾಸ್ತ್ರವುಂಟು. ಮೂಲೆಯ ತುಣುಕು ಬೇರೆಯಾಗಕೂಡದು, ಪ್ಯಾಕೆಟ್ಟಿಗೇ ಅಂಟಿಕೊಂಡಿರಬೇಕು; ಏಕೆಂದರೆ ತೊಳೆದು ಒಣಗಿಸಿದ ಪ್ಯಾಕೆಟ್ಟನ್ನು ಒಣಕಸದವರು ಒಯ್ದಾರು, ಉಗುರಿನಷ್ಟು ಗಾತ್ರದ ಆ ಚೂರನ್ನು ಯಾರೂ ಆಯಲಾರರು, ಅದು ಮೋರಿಗೋ ಮಣ್ಣಿಗೋ ಸೇರಿ ಚಿರಂಜೀವಿಯಾಗುತ್ತದೆ. ಒಂದು ಬೆಳಗ್ಗೆ ನನ್ನ ಮಗ ನಿದ್ದೆಗಣ್ಣಿನಲ್ಲಿ ಮೂಲೆಯನ್ನು ಪೂರ್ತಿ ಕತ್ತರಿಸಿಬಿಟ್ಟನಾಗಿ, ಭಾವನವರು ಟಾರ್ಚು ಹಿಡಿದು, ಪಾತ್ರೆ ತೊಳೆಯುವ ತೊಟ್ಟಿಯಿಂದ ಕಸಬರಿಗೆಯ ಬುಡದವರೆಗೆ ಶೋಧ ನಡೆಸಿ, ಅದು ಸಿಕ್ಕಿದಮೇಲೆಯೇ ಕಾಫಿ ಕುಡಿದರು. ಅಷ್ಟು ಹೊತ್ತೂ ನಮಗೂ ಕಾಫಿಯಿಲ್ಲ. ಮಧ್ಯಾಹ್ನ, ಹಿತ್ತಿಲ ತಂತಿಯ ಮೇಲೆ ಹಾಲಿನ ಪ್ಯಾಕೆಟ್ಟುಗಳೂ ನನ್ನ ಬನಿಯನ್ನುಗಳೂ ಸಮಾನ ಗೌರವದಿಂದ ಒಣಗುತ್ತಿದ್ದುವು.

ನನ್ನ ಹೆಂಡತಿ ಅವರನ್ನು ಅಣ್ಣನೆಂದು ಕರೆಯುವ ರೂಢಿ. ಆ ವಾತ್ಸಲ್ಯಕ್ಕೆ ಪ್ರತಿಯಾಗಿ ಅವರು ಒಂದು ಗೌರಿಹಬ್ಬಕ್ಕೆ, ತವರಿನ ಉಡುಗೊರೆಯೆಂದು, ಮೂರು ಅಂತಸ್ತಿನ ಒಂದು ಮಣ್ಣಿನ ಮಡಕೆಯನ್ನು ಆಟೋರಿಕ್ಷಾದಲ್ಲಿ ಮಡಿಲಿನಲ್ಲಿಟ್ಟುಕೊಂಡು ತಂದರು. ಹಸಿಕಸವನ್ನು ಗೊಬ್ಬರ ಮಾಡುವ ಮಡಕೆ ಅದು. ಸೀರೆಯನ್ನು ನಿರೀಕ್ಷಿಸುತ್ತಿದ್ದ ಹೆಣ್ಣುಮಗಳು ಅದನ್ನು ಅರಿಸಿನ ಕುಂಕುಮದೊಡನೆ ಸ್ವೀಕರಿಸಿದ ಸಹನೆಯನ್ನು ನೆನೆದರೆ ಈಗಲೂ ನನಗೆ ಅವಳ ಮೇಲೆ ಗೌರವ ಮೂಡುತ್ತದೆ.

ಆದರೆ ಇವೆಲ್ಲ ನಾಲ್ಕು ಗೋಡೆಗಳ ಒಳಗಿನ ಕಷ್ಟಗಳು. ನನ್ನ ಮಗಳ ಮದುವೆಯ ದಿನ ನಡೆದದ್ದು ಲೋಕಸಮಕ್ಷಮದಲ್ಲಿ ನಡೆದದ್ದು. ಈಚಿನ ಮದುವೆಗಳಲ್ಲಿ ಊಟದ ಎಲೆಯ ಬದಿಗೆ ಹಿತ್ತಾಳೆಯ ಲೋಟದ ಬದಲು 200 ಮಿಲಿಲೀಟರಿನ ಪುಟ್ಟ ಪ್ಲಾಸ್ಟಿಕ್ ಬಾಟಲಿಯನ್ನಿಡುವುದು ಸಂಪ್ರದಾಯವಾಗಿದೆಯಷ್ಟೆ. ಅತಿಥಿಗಳು ಎರಡು ಗುಟುಕು ಕುಡಿದು ಕೈ ತೊಳೆಯಲು ಏಳುವರು. ಉಳಿದ ನೀರನ್ನು ಇನ್ನೊಬ್ಬರಿಗೆ ಕೊಡುವಂತಿಲ್ಲವಾದ್ದರಿಂದ ಬಾಟಲಿಯೂ ನೀರೂ ಒಟ್ಟಿಗೆ ಗೋಣಿಚೀಲವನ್ನು ಸೇರುವುವು. ಮೊದಲ ಪಂಕ್ತಿ ಎದ್ದಿತು. ನಾನು ಬಾಗಿಲಿನಲ್ಲಿ ಬೀಗರ ಕಡೆಯ ಹಿರಿಯರೊಬ್ಬರಿಗೆ, ಸರ್ಕಾರದಲ್ಲಿ ಬಹು ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರಿಗೆ, ಹಲ್ಲುಗಿಂಜಿಕೊಂಡು ಉಪಚಾರದ ಮಾತಾಡುತ್ತಿದ್ದೆ. ಅವರ ಭುಜದ ಆಚೆಗೆ ನನ್ನ ಕಣ್ಣಿಗೆ ಬಿದ್ದ ದೃಶ್ಯವೆಂದರೆ, ಜರಿಯಂಚಿನ ಪಂಚೆಯನ್ನು ಎತ್ತಿ ಕಟ್ಟಿ, ಶಲ್ಯವನ್ನು ನಡುವಿಗೆ ಬಿಗಿದು, ಅಡಿಗೆಯವರ ಬಕೆಟ್ಟೊಂದನ್ನು ಹಿಡಿದು, ಎಲೆಯಿಂದೆಲೆಗೆ ಸಾಗುತ್ತ ಅರ್ಧ ಕುಡಿದ ಬಾಟಲಿಗಳನ್ನು ಬಗ್ಗಿಸಿಕೊಳ್ಳುತ್ತಿದ್ದ ನಮ್ಮ ಭಾವನವರು. ಮುಚ್ಚಳಗಳು ಒಂದು ಚೀಲಕ್ಕೆ, ಬಾಟಲಿಗಳು ಇನ್ನೊಂದಕ್ಕೆ. ನಾನು ಹಿರಿಯರನ್ನು ಬೇರೆ ದಿಕ್ಕಿಗೆ ತಿರುಗಿಸಲು ಹವಾಮಾನವನ್ನೂ ರಾಜಕಾರಣವನ್ನೂ ಪ್ರಸ್ತಾಪಿಸಿ ನೋಡಿದೆ, ಫಲಿಸಲಿಲ್ಲ. ಅವರು ನೇರವಾಗಿ ಒಳಹೊಕ್ಕು, ಜೇಬಿನಿಂದ ಹತ್ತು ರೂಪಾಯಿಯ ನೋಟನ್ನು ತೆಗೆದು, "ಈ ಸಾಲಿಂದೂ ಬೇಗ ತೆಗೆದುಬಿಡಪ್ಪ" ಎಂದು ಭಾವನವರ ಕೈಗಿತ್ತರು. ಭಾವನವರು ಅದನ್ನು ನಿರ್ವಿಕಾರಚಿತ್ತರಾಗಿ ಕಣ್ಣಿಗೊತ್ತಿಕೊಂಡು ಸೊಂಟಕ್ಕೆ ಸಿಕ್ಕಿಸಿದರು. ಬಂದ ಹಣವನ್ನು ಬೇಡವೆನ್ನುವುದೂ ಒಂದು ಬಗೆಯ ಪೋಲೆಂದು ಆಮೇಲೆ ಸಮರ್ಥಿಸಿಕೊಂಡರು.

ತಾಂಬೂಲದ ಹೊತ್ತಿಗೆ ವಿಧಿವತ್ತಾದ ಪರಿಚಯ ಮಾಡಿಸಲೇಬೇಕಾಯಿತು. "ಇವರು ನಮ್ಮ ಅಕ್ಕನ ಯಜಮಾನರು" ಎಂದೆ. ಹಿರಿಯರ ಮುಖದಲ್ಲಿ ರಕ್ತವಿರಲಿಲ್ಲ. ನನ್ನ ಮುಖದಲ್ಲಿಯೂ ಇದ್ದಿರಲಾರದು. ಭಾವನವರು ಮಾತ್ರ ಕೈಮುಗಿದು, "ತಮ್ಮ ಪಂಕ್ತಿಯೊಂದರಲ್ಲೇ ಒಂದು ಬಕೆಟ್ಟು ತುಂಬಿತು, ಸ್ವಾಮಿ. ರಸ್ತೆಯ ಹೊಂಗೆಸಸಿಗೆ ಹಾಕಿಸಿದ್ದೇನೆ" ಎಂದು ವರದಿ ಒಪ್ಪಿಸಿದರು. ಹಿರಿಯರು ಒಂದು ಕ್ಷಣ ನೋಡಿದರು. ಅನಂತರ ಮೆಲ್ಲಗೆ, "ಆ ಸಸಿಗೆ ಬುಡದಲ್ಲಿ ಪಾತಿ ಇದೆಯೇ? ಇಲ್ಲದಿದ್ದರೆ ನೀರೆಲ್ಲ ಹರಿದುಹೋಗುತ್ತೆ" ಎಂದರು. ಆ ಸ್ವರವನ್ನು ಕೇಳಿದೊಡನೆ ನನ್ನ ಎದೆ ಧಸಕ್ಕೆಂದಿತು: ಆತನೂ ಅದೇ ಜಾತಿ! ಸಂಜೆಯವರೆಗೆ ಆ ಇಬ್ಬರೂ ಮಂಟಪದ ಹಿಂಬದಿಯಲ್ಲಿ ಕುಳಿತು, ಹಸಿರು ಬುಟ್ಟಿ, ಕೆಂಪು ಬುಟ್ಟಿ, ಒಣಕಸದ ಚೀಲವೆಂದು 2015ರಲ್ಲಿ ಹೈಕೋರ್ಟು ಮಾಡಿದ ಆಜ್ಞೆಯನ್ನೂ, 2016ರ ಮಾರ್ಚಿನಲ್ಲಿ ಸರ್ಕಾರ ಹಲವು ಬಗೆಯ ಪ್ಲಾಸ್ಟಿಕ್ ವಸ್ತುಗಳನ್ನು ನಿಷೇಧಿಸಿದ್ದನ್ನೂ, ಎರಡಕ್ಕೂ ಈ ಮಂಟಪದಲ್ಲಿ ಸಂದ ಮರ್ಯಾದೆಯನ್ನೂ ಮೆಲುಕು ಹಾಕಿದರು. ಅಂದು ಅಲ್ಲಿ ಎರಡು ಸಂಬಂಧಗಳು ಕೂಡಿಬಂದುವು. ಎರಡನೆಯದು ಹೆಚ್ಚು ಗಟ್ಟಿಯಾಗಿದೆ.

ಇಷ್ಟೊಂದು ಉಳಿಸುವ ಹಂಬಲ ಭಾವನವರಿಗೆ ಎಲ್ಲಿಂದ ಬಂದಿರಬೇಕೆಂದು ನಾನು ಯೋಚಿಸಿದ್ದೇನೆ. ಬಾಲ್ಯದಲ್ಲಿ ಬರಗಾಲವನ್ನುಂಡವರಿರಬಹುದೆಂಬ ಊಹೆಗೆ ಅವಕಾಶವೇ ಇಲ್ಲ. ಏಕೆಂದರೆ ಅವರ ಹುಟ್ಟೂರು ತೀರ್ಥಹಳ್ಳಿಯ ಕಡೆ, ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯ ನೆರೆಯಲ್ಲಿ. ಒಂದು ರಾತ್ರಿ ವಿದ್ಯುತ್ತು ಹೋದಾಗ, ಅಂದರೆ ಆರಿಸಲು ಏನೂ ಉಳಿದಿಲ್ಲದಾಗ, ಅವರಾಗಿಯೇ ಹೇಳಿದರು. ಆ ಮನೆಯಲ್ಲಿ ಅಡಕೆಯ ಸಿಪ್ಪೆ ಬಚ್ಚಲೊಲೆಗೆ ಹೋಗುತ್ತಿತ್ತು, ಒಲೆಯ ಬೂದಿ ಪಾತ್ರೆ ಬೆಳಗುವುದಕ್ಕೆ, ಮಿಕ್ಕದ್ದು ತೆಂಗಿನ ಬುಡಕ್ಕೆ; ಬಚ್ಚಲ ನೀರು ಬಾಳೆಗೆ, ಕಲಗಚ್ಚು ಕೊಟ್ಟಿಗೆಗೆ, ಕೊಟ್ಟಿಗೆಯದು ತೋಟಕ್ಕೆ; ಅಮ್ಮನ ಸೀರೆ ಮಗುವಿನ ಹಾಸಿಗೆಯಾಗಿ, ನೆಲವೊರಸುವ ಬಟ್ಟೆಯಾಗಿ, ಕಟ್ಟಕಡೆಗೆ ಮಸಿಯರಿವೆಯಾಗಿ ಒಲೆಯ ಬಳಿಯೇ ಮುಗಿಯುತ್ತಿತ್ತು. ದಣಪೆ ದಾಟಿ ಆಚೆಗೆ ಹೋಗುವ ಕಸವೆಂಬುದೇ ಇರಲಿಲ್ಲ. "ಕಸದ ಗಾಡಿಯನ್ನ ನಾನು ಮೊದಲು ನೋಡಿದ್ದು ಓದುವುದಕ್ಕೆ ಪೇಟೆಗೆ ಬಂದಮೇಲೆ ಕಣಯ್ಯಾ. ಇಷ್ಟು ವಸ್ತು ಯಾರಿಗೂ ಬೇಡವಾಯಿತೇ ಅಂತ ಸುಮ್ಮನೆ ನೋಡುತ್ತಾ ನಿಂತುಬಿಟ್ಟೆ" ಎಂದರು. ಇಂತಹ ಮನುಷ್ಯನನ್ನು ಹಾಲಿನ ಪ್ಯಾಕೆಟ್ಟಿನ ಮೂಲೆಗಾಗಿ ಶಪಿಸಿದ್ದು ತರವೇ ಎಂದು ನನ್ನ ಮನಸ್ಸು ಆರ್ದ್ರವಾಗುತ್ತಿತ್ತು. ಅಷ್ಟರಲ್ಲಿ ಕತ್ತಲೆಯಿಂದ ನನ್ನ ಹೆಂಡತಿಯ ಪ್ರಶ್ನೆ: "ಆ ಬೂದಿ, ಕಲಗಚ್ಚು ಎಲ್ಲ ಹೊತ್ತು ಹಾಕುತ್ತಾ ಇದ್ದವರು ಯಾರು, ಅಣ್ಣ?"

"ಅಮ್ಮ" ಎಂದರು ಭಾವನವರು. ಸ್ವಲ್ಪ ಹೊತ್ತಿನ ಮೇಲೆ, "ಅವಳು ಒಂದು ದಿನವೂ ಅದನ್ನ ಹೇಳಿಕೊಳ್ಳಲಿಲ್ಲ" ಎಂದರು.

ಮರುದಿನ ಬೆಳಗಾಗುವಷ್ಟರಲ್ಲಿ ಗೊಬ್ಬರದ ಮಡಕೆಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, ಮೊಳಕೈವರೆಗೆ ತೋಳು ಮಡಿಸಿ, ಅದನ್ನು ಕೆದಕಿ, ಒಣಗಿದ ಎಲೆಯನ್ನೂ ತೆಂಗಿನ ನಾರಿನ ಪುಡಿಯನ್ನೂ ಬೆರೆಸುತ್ತಿದ್ದವರು ಭಾವನವರೇ. ತಂದುಕೊಟ್ಟ ಲಾಗಾಯ್ತು ಅದನ್ನು ಕೆದಕುತ್ತಿದ್ದವಳು ನನ್ನ ಹೆಂಡತಿ, ಉಪನ್ಯಾಸ ಮಾತ್ರ ಅವರದು. ಈಗ ಕೆಲಸವೂ ಅವರದು, ಉಪನ್ಯಾಸವೂ ಅವರದು. ನಾನು ಹುಟ್ಟಾ ಆಲಸಿ; ವ್ಯಾಯಾಮ ಮಾಡದೆ ಉಸಿರನ್ನು ಮಿತವಾಗಿ ವ್ಯಯಿಸಿರುವುದೇ ಪರಿಸರಕ್ಕೆ ನಾನು ಸಲ್ಲಿಸಿದ ಸೇವೆ. ಆದುದರಿಂದ ಕಿಟಕಿಯಿಂದಲೇ ಮೆಚ್ಚಿಕೊಂಡೆ.

ಅಂದೇ ಅಕ್ಕ ಮೈಸೂರಿನಿಂದ ಫೋನು ಮಾಡಿದಳು. ಭಾವನವರನ್ನು ಯಾವಾಗ ರೈಲು ಹತ್ತಿಸಬೇಕೆಂದು ನಾನು ಆಶೆಯಿಂದ ಕೇಳುವ ಮೊದಲೇ ತಗ್ಗಿದ ಸ್ವರದಲ್ಲಿ, "ಇನ್ನೊಂದಷ್ಟು ದಿವಸ ಅಲ್ಲೇ ಇರಿಸಿಕೊಳ್ಳೋ. ಕಣ್ಣಿನ ಡಾಕ್ಟರು ಮತ್ತೊಮ್ಮೆ ನೋಡಬೇಕಂತೆ ಅಂತ ಏನಾದರೂ ಹೇಳು" ಎಂದಳು. ಅವಳ ಮಾತಿನ ಹಿಂದುಗಡೆಯಿಂದ ಬಕೆಟ್ಟಿಗೆ ಧೋ ಎಂದು ನೀರು ಬೀಳುವ ಶಬ್ದ ಬಹಳ ಹೊತ್ತಿನಿಂದ ಕೇಳಿಸುತ್ತಿತ್ತು. ಗೀಸರಿನದೇ ಇರಬೇಕು.

"ಏನಂತೆ ನಿಮ್ಮಕ್ಕ?" ಎಂದು ಹಿತ್ತಿಲಿನಿಂದ ಭಾವನವರು ಕೂಗಿದರು.

"ನಿಮ್ಮ ಕಣ್ಣಿನದೇ ಚಿಂತೆಯಂತೆ, ಭಾವ" ಎಂದೆ.